ಕ್ಯಾಥೊಲಿಕ್ ಹಬ್ಬದ ತಾರೀಖು ಹಿಡಿದು ಅದರ ಹುಟ್ಟು ಪತ್ತೆ ಮಾಡುವುದು ಹೇಗೆ

ಚರ್ಚಿನ ಕ್ಯಾಲೆಂಡರ್ ಒಂದನ್ನು ಕೈಗೆತ್ತಿಕೊಳ್ಳಿ. ಸಂತ ಲಾರೆನ್ಸ್ ಆಗಸ್ಟ್ 10, ಮಾತೆ ಮರಿಯಳ ಜನನ ಸೆಪ್ಟೆಂಬರ್ 8, ಸಕಲ ಸಂತರು ನವೆಂಬರ್ 1. ಆ ದಿನವೇ ಯಾಕೆ? ಹೆಚ್ಚಿನವರು ಸಂತರ ಕಥೆ ಓದುತ್ತಾರೆ, ಪವಾಡ ಓದುತ್ತಾರೆ, ತಾರೀಖಿನ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಹೇಳುವುದು ಅದರ ಉಲ್ಟಾ. ಮೊದಲು ತಾರೀಖು, ಆಮೇಲೆ ಕಥೆ. ಕಥೆ ಬಾಯಿಂದ ಬಾಯಿಗೆ ಹೋಗುವಾಗ ಬೆಳೆಯುತ್ತದೆ. ತಾರೀಖು ಅಷ್ಟು ಸುಲಭಕ್ಕೆ ಕದಲುವುದಿಲ್ಲ, ಕದಲಿದರೂ ಕದಲಿಸಿದವರು ಯಾರು, ಯಾವಾಗ ಎಂಬ ದಾಖಲೆ ಬಹುಪಾಲು ಸಿಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾಲೆಂಡರನ್ನು ರೋಮ್‌ನಲ್ಲಿ ಯಾರೋ ಕೂತು ಒಂದೇ ಸಲ ಬರೆದದ್ದಲ್ಲ. ಊರೂರಿನ ಜನ ಸಮಾಧಿಯ ಹತ್ತಿರ ಸೇರಿ, ಹೊಸ ಚರ್ಚಿನ ಬಾಗಿಲು ತೆರೆದು, ಮೆರವಣಿಗೆ ಮಾಡಿ ಹಬ್ಬಗಳನ್ನು ಹುಟ್ಟಿಸಿದರು. ರೋಮ್ ಹೆಚ್ಚಿನ ಸಲ ಆಮೇಲೆ ಬಂದು ಒಪ್ಪಿಗೆ ಕೊಟ್ಟಿತು, ಜಾಸ್ತಿ ಆದಾಗ ಕತ್ತರಿಸಿತು. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಬ್ಬ ಓಡಾಡುತ್ತದಾ, ನಿಂತಲ್ಲೇ ಇದೆಯಾ?

ಮೊದಲ ಪ್ರಶ್ನೆ ಇದೇ. ಎರಡು ಮೂರು ವರ್ಷದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ. ತಾರೀಖು ವರ್ಷ ವರ್ಷ ಬದಲಾಗುತ್ತಿದ್ದರೆ ಆ ಹಬ್ಬ ಬಹುಮಟ್ಟಿಗೆ ಈಸ್ಟರ್‌ಗೆ, ಅಂದರೆ ಪಾಸ್ಖ ಹಬ್ಬಕ್ಕೆ, ಕಟ್ಟಿಕೊಂಡದ್ದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಭಾನುವಾರಗಳು, ಅದಕ್ಕೆ ಒಂದು ವಾರ ಮುಂಚೆ ಬರುವ ಕ್ರಿಸ್ತ ರಾಜರ ಹಬ್ಬ, ಇಂಥ ಕೆಲವು ಮಾತ್ರ ಕ್ರಿಸ್ಮಸ್ ಕಡೆಯಿಂದ ಎಣಿಸುವಂಥವು.

ಈಸ್ಟರ್‌ಗಿಂತ ಹಳೆಯದು ಭಾನುವಾರ. ಅದೇ ಮೂಲ ಹಬ್ಬ. ಕ್ರಿ.ಶ. 155ರ ಸುಮಾರಿಗೆ ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಹುತಾತ್ಮ, ಪಟ್ಟಣದವರು ಹಳ್ಳಿಯವರು ಎಲ್ಲ ಭಾನುವಾರ ಒಂದೆಡೆ ಸೇರಿ ಓದಿ, ಪ್ರಾರ್ಥಿಸಿ, ರೊಟ್ಟಿ ಹಂಚಿಕೊಳ್ಳುತ್ತಿದ್ದುದನ್ನು ಬರೆದಿದ್ದಾರೆ. ವರ್ಷಕ್ಕೊಮ್ಮೆ ಬರುವ ಈಸ್ಟರ್ ಬಗ್ಗೆ ಮಾತ್ರ ಆ ಕಾಲದಲ್ಲೇ ಜಗಳ ಇತ್ತು. ಏಷ್ಯಾ ಮೈನರ್‌ನವರು, ಅಂದರೆ ಈಗಿನ ತುರ್ಕಿ ಕಡೆಯವರು, ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನ, ಯಾವ ವಾರ ಬಂದರೂ ಸರಿ, ಆಚರಿಸುತ್ತಿದ್ದರು. ರೋಮ್‌ನವರು ಭಾನುವಾರವೇ ಆಗಬೇಕು ಎನ್ನುತ್ತಿದ್ದರು. ಸ್ಮರ್ನಾದ ಮುದುಕ ಧರ್ಮಾಧ್ಯಕ್ಷ ಪೊಲಿಕಾರ್ಪ್ ರೋಮ್‌ಗೆ ಬಂದು ಪೋಪ್ ಅನಿಸೆಟಸ್ ಜೊತೆ ಮಾತಾಡಿದರು. ಇಬ್ಬರೂ ಒಪ್ಪಲಿಲ್ಲ. ಆದರೂ ಒಟ್ಟಿಗೆ ಬಲಿಪೂಜೆ ಮಾಡಿ ಸಮಾಧಾನದಿಂದ ಬೇರೆಯಾದರು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಸಂಗತಿ ಇದು. 190ರ ಹೊತ್ತಿಗೆ ಪೋಪ್ ವಿಕ್ಟರ್ ಏಷ್ಯಾದವರನ್ನು ಹೊರಗೇ ಹಾಕಲು ಹೊರಟಾಗ ಲಿಯೋನ್‌ನ ಇರೆನೇಯಸ್ ನೆನಪಿಸಿದ್ದು ಈ ಇಬ್ಬರನ್ನೇ. ಕೊನೆಗೆ 325ರ ನೈಸಿಯ ಮಹಾಸಭೆ ಎಲ್ಲರಿಗೂ ಒಂದೇ ಭಾನುವಾರ ಎಂದು ತೀರ್ಮಾನಿಸಿತು.

ಲೆಕ್ಕ ಹಾಕುವ ನಿಯಮ ಹೀಗೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ, ಅದಾದ ಮೇಲಿನ ಭಾನುವಾರ ಈಸ್ಟರ್. ಈ ಹುಣ್ಣಿಮೆ ಚರ್ಚಿನ ಕೋಷ್ಟಕದ ಹುಣ್ಣಿಮೆ, ಆಕಾಶದ್ದಕ್ಕೂ ಇದಕ್ಕೂ ಒಮ್ಮೊಮ್ಮೆ ಒಂದೆರಡು ದಿನ ವ್ಯತ್ಯಾಸ ಇರುತ್ತದೆ. 2026ರಲ್ಲಿ ಅದು ಏಪ್ರಿಲ್ 2, ಗುರುವಾರ. ಹಾಗಾಗಿ ಈಸ್ಟರ್ ಏಪ್ರಿಲ್ 5. ಹಿಂದಕ್ಕೆ 46 ದಿನ ಹೋದರೆ ಫೆಬ್ರವರಿ 18, ಬೂದಿ ಬುಧವಾರ, ಉಪವಾಸದ ತಪಸ್ಸು ಕಾಲ ಶುರುವಾಗುವ ದಿನ. ಈಸ್ಟರನ್ನೂ ಸೇರಿಸಿ 40ನೇ ದಿನ ಮೇ 14, ಯೇಸುವಿನ ಸ್ವರ್ಗಾರೋಹಣ. ಬಹಳ ಕಡೆ ಇದನ್ನು ಮುಂದಿನ ಭಾನುವಾರಕ್ಕೆ ತಳ್ಳುತ್ತಾರೆ. 50ನೇ ದಿನ ಮೇ 24, ಪವಿತ್ರಾತ್ಮ ಇಳಿದು ಬಂದ ನೆನಪಿನ ಪೆಂತೆಕೋಸ್ತ್. ಮುಂದಿನ ಭಾನುವಾರ ತ್ರಿತ್ವದ ಹಬ್ಬ, ಅದರ ನಂತರದ ಗುರುವಾರ ಜೂನ್ 4 ಪರಮಪ್ರಸಾದದ ಹಬ್ಬ, ಅದರ ಮರುವಾರದ ಶುಕ್ರವಾರ ಜೂನ್ 12 ಯೇಸುವಿನ ಪವಿತ್ರ ಹೃದಯ.

ಈ ಸಾಲನ್ನೇ ಈಗ ವರ್ಷಗಳ ಲೆಕ್ಕದಲ್ಲಿ ನೋಡಿ. ಪೆಂತೆಕೋಸ್ತ್‌ವರೆಗಿನ ಐವತ್ತು ದಿನ 2ನೇ ಶತಮಾನದ ಕೊನೆಗಾಗಲೇ ಇತ್ತು. ಸ್ವರ್ಗಾರೋಹಣ ಪ್ರತ್ಯೇಕ ಹಬ್ಬವಾದದ್ದು 4ನೇ ಶತಮಾನದ ಕೊನೆಗೆ. ಪರಮಪ್ರಸಾದದ ಹಬ್ಬ ಬೆಲ್ಜಿಯಂನ ಲಿಯೇಜ್‌ನ ಜೂಲಿಯಾನಾ ಎಂಬ ಸನ್ಯಾಸಿನಿಯ ಒತ್ತಾಯದಿಂದ 1246ರಲ್ಲಿ ಆ ಧರ್ಮಕ್ಷೇತ್ರದಲ್ಲಿ ಶುರುವಾಯಿತು. ಹಿಂದೆ ಲಿಯೇಜ್‌ನಲ್ಲೇ ಕೆಲಸ ಮಾಡಿದ್ದ ಪಾದ್ರಿಯೊಬ್ಬರು ನಾಲ್ಕನೇ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆಗಿ 1264ರಲ್ಲಿ ಇಡೀ ಧರ್ಮಸಭೆಗೆ ಹಬ್ಬವನ್ನು ವಿಸ್ತರಿಸಿದರು. ತ್ರಿತ್ವದ ಭಾನುವಾರ ಎಲ್ಲ ಕಡೆಗೆ ಬಂದದ್ದು 1334ರಲ್ಲಿ. ಪವಿತ್ರ ಹೃದಯದ ಹಬ್ಬ 1856ರಲ್ಲಿ. ಅಂದರೆ ಈಸ್ಟರ್‌ನಿಂದ ದೂರ ಹೋದಷ್ಟೂ ಹಬ್ಬದ ವಯಸ್ಸು ಕಡಿಮೆಯಾಗುತ್ತಾ ಬರುತ್ತದೆ, ಕಟ್ಟುನಿಟ್ಟಾಗಿ ಅಲ್ಲ, ಸುಮಾರಾಗಿ.

ನಿಂತ ತಾರೀಖಾದರೆ ಕ್ರಿಸ್ಮಸ್‌ನಿಂದ ಎಣಿಸಿ

ತಾರೀಖು ಪ್ರತಿ ವರ್ಷ ಒಂದೇ ಇದ್ದು, ಹಬ್ಬ ಯೇಸುವಿಗೋ ಮರಿಯಳಿಗೋ ಸ್ನಾನಿಕ ಯೊವಾನ್ನನಿಗೋ ಸೇರಿದ್ದಾದರೆ, ಡಿಸೆಂಬರ್ 25ರಿಂದ ಅದು ಎಷ್ಟು ದೂರ ಎಂದು ಎಣಿಸಿ. ಎಂಟು ದಿನ, ನಲವತ್ತು ದಿನ, ಆರು ತಿಂಗಳು, ಒಂಬತ್ತು ತಿಂಗಳು. ಈ ನಾಲ್ಕರಲ್ಲಿ ಒಂದು ಬಂದರೆ ಉತ್ತರ ಸಿಕ್ಕಿತು.

ಫೆಬ್ರವರಿ 2 ತೆಗೆದುಕೊಳ್ಳಿ. ಡಿಸೆಂಬರ್ 25ನ್ನು ಒಂದು ಎಂದು ಎಣಿಸಿದರೆ ಫೆಬ್ರವರಿ 2 ಸರಿಯಾಗಿ ನಲವತ್ತು. ಗಂಡು ಮಗು ಹುಟ್ಟಿ ನಲವತ್ತು ದಿನಕ್ಕೆ ತಾಯಿ ದೇವಾಲಯಕ್ಕೆ ಬರಬೇಕು ಎಂದು ಮೋಶೆಯ ಕಟ್ಟಳೆಯಲ್ಲಿದೆ. ಯೇಸುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಿದ ಹಬ್ಬ ಆ ದಿನ ಬಿದ್ದದ್ದು ಹಾಗೆ. ಇನ್ನೂ ಚೆಂದದ ಸಾಕ್ಷಿ ಒಂದಿದೆ. 380ರ ದಶಕದಲ್ಲಿ ಎಗೇರಿಯಾ ಎಂಬ ಯಾತ್ರಿಕ ಮಹಿಳೆ ಪಶ್ಚಿಮದಿಂದ ಜೆರುಸಲೇಮ್‌ಗೆ ಹೋಗಿ ಅಲ್ಲಿ ಕಂಡ ಹಬ್ಬಗಳನ್ನೆಲ್ಲ ತನ್ನ ಊರಿನ ಸೋದರಿಯರಿಗೆ ಬರೆದಳು. ಅಲ್ಲಿ ಆಗ ಯೇಸುವಿನ ಜನನವನ್ನು ಜನವರಿ 6ಕ್ಕೆ ಆಚರಿಸುತ್ತಿದ್ದರು. ಹಾಗಾಗಿ ಈ ಹಬ್ಬವನ್ನೂ ಜನವರಿ 6ರಿಂದ ನಲವತ್ತನೇ ದಿನಕ್ಕೆ, ಅಂದರೆ ಫೆಬ್ರವರಿ 14ಕ್ಕೆ, ಮಾಡುತ್ತಿದ್ದರು. ಜನನದ ದಿನ ಸರಿದರೆ ಇದೂ ಹಿಂದೆಯೇ ಸರಿಯಿತು.

ಮಾರ್ಚ್ 25, ದೇವದೂತ ಮರಿಯಳಿಗೆ ಸುದ್ದಿ ಕೊಟ್ಟ ದಿನ, ಡಿಸೆಂಬರ್ 25ಕ್ಕೆ ಒಂಬತ್ತು ತಿಂಗಳು. ಆಗ ಯೊವಾನ್ನನ ತಾಯಿ ಎಲಿಜಬೇತಳಿಗೆ ಆರನೇ ತಿಂಗಳು ಎಂದು ಲೂಕನ ಶುಭಸಂದೇಶ ಹೇಳುತ್ತದೆ, ಆದ್ದರಿಂದ ಯೊವಾನ್ನ ಹುಟ್ಟಿದ್ದು ಜೂನ್‌ನಲ್ಲಿ. ಆದರೆ ಜೂನ್ 25 ಅಲ್ಲ, 24. ಒಂದು ದಿನ ಎಲ್ಲಿ ಹೋಯಿತು? ರೋಮನ್ನರು ದಿನಗಳನ್ನು ಮುಂದಿನ ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಡಿಸೆಂಬರ್ 25 ಎಂದರೆ ಜನವರಿ ಒಂದರಿಂದ ಹಿಂದಕ್ಕೆ ಎಂಟನೇ ದಿನ. ಮಾರ್ಚ್ 25 ಏಪ್ರಿಲ್ ಒಂದರಿಂದ ಎಂಟನೇ ದಿನ. ಜೂನ್‌ಗೆ ಮೂವತ್ತೇ ದಿನ, ಹಾಗಾಗಿ ಜುಲೈ ಒಂದರಿಂದ ಎಂಟನೇ ದಿನ ಜೂನ್ 24. ಅವರ ಲೆಕ್ಕದಲ್ಲಿ ಮೂರೂ ಒಂದೇ.

ಹಾಗಾದರೆ ಡಿಸೆಂಬರ್ 25 ಯಾಕೆ? ಇಲ್ಲಿ ಇಂಟರ್ನೆಟ್ ತುಂಬ ಒಂದೇ ಉತ್ತರ ಸಿಗುತ್ತದೆ: ಸೂರ್ಯನ ಹಬ್ಬವನ್ನು ಕದ್ದರು ಅಂತ. ಸ್ವಲ್ಪ ನಿಧಾನ ಮಾಡಿ. ರೋಮ್‌ನಲ್ಲಿ 354ರಲ್ಲಿ ಫಿಲೊಕಾಲಸ್ ಎಂಬ ಲಿಪಿಕಾರ ಶ್ರೀಮಂತನೊಬ್ಬನಿಗಾಗಿ ಒಂದು ಪಂಚಾಂಗ ಪುಸ್ತಕ ಬರೆದುಕೊಟ್ಟ. ಅದರೊಳಗಿನ ಹುತಾತ್ಮರ ಪಟ್ಟಿಯ ಮೊದಲ ಸಾಲಿನಲ್ಲಿ ಡಿಸೆಂಬರ್ 25ರಂದು ಕ್ರಿಸ್ತ ಬೆತ್ಲೆಹೇಮ್‌ನಲ್ಲಿ ಹುಟ್ಟಿದ ಎಂದಿದೆ. ಆ ಪಟ್ಟಿಯ ಮೂಲ 336ರದ್ದು ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅದೇ ಪುಸ್ತಕದ ಇನ್ನೊಂದು ಕಡೆ ಅದೇ ದಿನ ಸೋಲಿಲ್ಲದ ಸೂರ್ಯನ ಹುಟ್ಟು ಎಂದೂ ಇದೆ. ಚಕ್ರವರ್ತಿ ಆರೇಲಿಯನ್ ಆ ಸೂರ್ಯನಿಗೆ ದೇವಾಲಯ ಕಟ್ಟಿಸಿದ್ದು 274ರಲ್ಲಿ. ಇದು ಒಂದು ವಾದ. ಇನ್ನೊಂದು ವಾದದ ಪ್ರಕಾರ, ಯೇಸು ಸತ್ತದ್ದು ಮಾರ್ಚ್ 25 ಎಂದು ಕೆಲವರು ಮುಂಚೆಯೇ ನಂಬಿದ್ದರು, ಗರ್ಭಕ್ಕೆ ಬಂದದ್ದೂ ಅದೇ ದಿನ ಎಂದು ಸೇರಿಸಿದರು, ಒಂಬತ್ತು ತಿಂಗಳು ಕೂಡಿಸಿದರು. ನನಗೆ ಎರಡನೆಯದು ಹೆಚ್ಚು ಗಟ್ಟಿ ಅನಿಸುತ್ತದೆ, ಯಾಕೆಂದರೆ ಹೀಗೆ ಎಣಿಸಿ ಕೂಡಿಸುವ ಅಭ್ಯಾಸ ಕ್ಯಾಲೆಂಡರಿನ ಬೇರೆ ಹಬ್ಬಗಳಲ್ಲೂ ಕಾಣುತ್ತದೆ. ಯಾವುದನ್ನು ಒಪ್ಪಿದರೂ ಸರಿ, ಎರಡೂ ಗೊತ್ತಿರಲಿ.

ಒಂಬತ್ತು ತಿಂಗಳ ಆಟ ಇನ್ನೊಂದು ಕಡೆಯೂ ಇದೆ. ಸೆಪ್ಟೆಂಬರ್ 8 ಮರಿಯಳ ಜನನ. ಒಂಬತ್ತು ತಿಂಗಳು ಹಿಂದಕ್ಕೆ ಹೋಗಿ, ಡಿಸೆಂಬರ್ 8, ಅಮಲೋದ್ಭವಿ ಮಾತೆಯ ಹಬ್ಬ, ಅಂದರೆ ಮರಿಯಳು ಪಾಪದ ಕಳಂಕವಿಲ್ಲದೆ ತಾಯಿಯ ಗರ್ಭಕ್ಕೆ ಬಂದ ಹಬ್ಬ. ಇದರ ವಿಶ್ವಾಸ ಸತ್ಯವನ್ನು ಒಂಬತ್ತನೇ ಪಿಯುಸ್ ಘೋಷಿಸಿದ್ದು 1854ರಲ್ಲಿ, ಆದರೆ ಹಬ್ಬ ಅದಕ್ಕಿಂತ ನೂರಾರು ವರ್ಷ ಹಳೆಯದು. ಘೋಷಣೆಯ ವರ್ಷವನ್ನೇ ಹಬ್ಬದ ಹುಟ್ಟು ಎಂದು ಬರೆದುಕೊಳ್ಳಬೇಡಿ. ಆಗಸ್ಟ್ 15ಕ್ಕೂ, ಮರಿಯಳನ್ನು ಸ್ವರ್ಗಕ್ಕೆ ಒಯ್ದ ಹಬ್ಬಕ್ಕೂ, ಇದೇ ಮಾತು. ಘೋಷಣೆ 1950, ಹಬ್ಬ ಮಾತ್ರ ರೋಮ್‌ನಲ್ಲೇ 7ನೇ ಶತಮಾನಕ್ಕಾಗಲೇ ಇತ್ತು, ಪೋಪ್ ಸೆರ್ಜಿಯುಸ್ ಆ ದಿನಕ್ಕೆ ಮೆರವಣಿಗೆ ಗೊತ್ತುಮಾಡಿದ್ದರು.

ಸಂತರ ಹಬ್ಬವೇ? ಸಮಾಧಿ ಹುಡುಕಿ

ಸಂತರ ವಿಷಯಕ್ಕೆ ಬಂದರೆ ಹುಟ್ಟಿದ ದಿನ ಹುಡುಕಿ ಪ್ರಯೋಜನ ಇಲ್ಲ. ಸತ್ತ ದಿನ ನೋಡಿ. ಆ ಪೊಲಿಕಾರ್ಪ್‌ರನ್ನೇ 155ರ ಸುಮಾರಿಗೆ ಸ್ಮರ್ನಾದಲ್ಲಿ ಬೆಂಕಿಗೆ ಹಾಕಿ ಕೊಂದರು. ಊರಿನ ಕ್ರೈಸ್ತರು ಅವರ ಮೂಳೆ ಆರಿಸಿಕೊಂಡು ಹೋಗಿ ಇಟ್ಟರು, ಪ್ರತಿ ವರ್ಷ ಅಲ್ಲಿ ಸೇರಿ ಅವರ ಹುತಾತ್ಮತೆಯ ಹುಟ್ಟುಹಬ್ಬ ಮಾಡುತ್ತೇವೆ ಎಂದು ಬೇರೆ ಊರಿಗೆ ಪತ್ರ ಬರೆದರು. ಕೊಂದ ದಿನವನ್ನೇ ಹುಟ್ಟಿದ ದಿನ ಎಂದರು! ನಮಗೆ ಉಳಿದಿರುವ ದಾಖಲೆಗಳಲ್ಲಿ ಸಂತರೊಬ್ಬರ ವಾರ್ಷಿಕ ಹಬ್ಬದ ಮೊದಲ ಮಾತು ಅದು. ಫೆಬ್ರವರಿ 23ಕ್ಕೆ ಈಗಲೂ ಅವರ ಸ್ಮರಣೆ ಇದೆ.

354ರ ಆ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಯಾವ ದಾರಿಯ ಯಾವ ಸಮಾಧಿ ಎಂದೂ ಬರೆದಿದೆ. ಹಬ್ಬಕ್ಕೆ ಎಲ್ಲಿಗೆ ಹೋಗಬೇಕು ಎಂದು ತಿಳಿಯಬೇಕಲ್ಲ, ಅದಕ್ಕೆ. ಜನವರಿ 20 ಸೆಬಾಸ್ಟಿಯನ್, ಜನವರಿ 21 ಆಗ್ನೆಸ್, ಆಗಸ್ಟ್ 10 ಲಾರೆನ್ಸ್. 258ರಲ್ಲಿ ಸತ್ತ ಲಾರೆನ್ಸರ ದಿನ ಇವತ್ತಿಗೂ ಆಗಸ್ಟ್ 10ರಿಂದ ಅಲ್ಲಾಡಿಲ್ಲ. ಹುತಾತ್ಮರಲ್ಲದವರು ಈ ಸಾಲಿಗೆ ಸೇರಿದ್ದು ತಡವಾಗಿ. ಮೊದಲಿಗರಲ್ಲಿ ಒಬ್ಬರು 397ರಲ್ಲಿ ತೀರಿಕೊಂಡ ತೂರ್‌ನ ಮಾರ್ಟಿನ್. ಅವರ ನವೆಂಬರ್ 11 ಹೂಳಿದ ದಿನ.

ಸುಲಭದ ಗುರುತು ಬೇಕಾ? ಆ ದಿನ ಪಾದ್ರಿ ಕೆಂಪು ಉಡುಪು ಹಾಕಿದರೆ ಹುತಾತ್ಮರೋ ಯೇಸುವಿನ ಶಿಷ್ಯರಾದ ಪ್ರೇಷಿತರೋ ಎಂದು ಅರ್ಥ. ಬಲಿಪೂಜೆಯ ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಆ ಹೆಸರು ಬಂದರೆ, ಲಾರೆನ್ಸ್, ಆಗಾಥಾ, ಲೂಸಿ, ಆಗ್ನೆಸ್, ಸಿಸಿಲಿಯಾ ಹಾಗೆ, ಹಬ್ಬ ಬಹಳ ಹಳೆಯದು.

ಸತ್ತ ದಿನಕ್ಕೂ ಹಬ್ಬಕ್ಕೂ ತಾಳೆ ಆಗದಿದ್ದರೆ ಅಲ್ಲೇ ನಿಜವಾದ ಹುಡುಕಾಟ ಶುರು. ಸತ್ತ ದಿನ ತಪಸ್ಸು ಕಾಲದಲ್ಲಿ ಬೀಳುತ್ತದಾ ನೋಡಿ. ಥಾಮಸ್ ಅಕ್ವೈನಾಸ್ 1274ರ ಮಾರ್ಚ್ 7ಕ್ಕೆ ತೀರಿಕೊಂಡರು, ಹಬ್ಬವೂ ಅದೇ ದಿನ ಇತ್ತು. 1969ರಲ್ಲಿ ಅದನ್ನು ಜನವರಿ 28ಕ್ಕೆ ತಂದರು. ಅವರ ಮೂಳೆಗಳು 1369ರಲ್ಲಿ ತುಲೂಸ್ ಸೇರಿದ ದಿನ ಅದು. ಮಹಾ ಗ್ರೆಗೊರಿ ಮಾರ್ಚ್ 12ರಿಂದ ಸೆಪ್ಟೆಂಬರ್ 3ಕ್ಕೆ ಹೋದರು, 590ರಲ್ಲಿ ಪೋಪ್ ಆಗಿ ಅಭಿಷೇಕವಾದ ದಿನಕ್ಕೆ. ತಪಸ್ಸು ಕಾಲ ಅಲ್ಲದಿದ್ದರೆ ಆ ದಿನ ಬೇರೆ ದೊಡ್ಡ ಹಬ್ಬ ಇದೆಯಾ ನೋಡಿ. ದೊಮಿನಿಕ್ ಸತ್ತದ್ದು ಆಗಸ್ಟ್ 6, ಆ ದಿನ ಯೇಸುವಿನ ರೂಪಾಂತರದ ಹಬ್ಬ, ಅದಕ್ಕೆ ಆಗಸ್ಟ್ 8.

ನಮ್ಮ ದೇಶದ ಸಂತ ತೋಮರ ಕಥೆಯೂ ಇದೇ ಬಗೆಯದು. ಲ್ಯಾಟಿನ್ ಕ್ಯಾಲೆಂಡರಿನಲ್ಲಿ ಅವರ ದಿನ ಡಿಸೆಂಬರ್ 21 ಇತ್ತು, ಕ್ರಿಸ್ಮಸ್‌ಗೆ ನಾಲ್ಕು ದಿನ ಮುಂಚೆ. 1969ರಲ್ಲಿ ಜುಲೈ 3ಕ್ಕೆ ಬದಲಾಯಿಸಿದರು. ಜುಲೈ 3 ಸಿರಿಯಾಕ್ ಪರಂಪರೆಯ ದಿನ, ಅವರ ಅವಶೇಷ ಈಗಿನ ತುರ್ಕಿಯ ಎಡೆಸ್ಸಾ ಸೇರಿದ ನೆನಪು. ಕೇರಳದ ನಸ್ರಾಣಿಗಳು, ಅಂದರೆ ಸಿರಿಯಾಕ್ ಪರಂಪರೆಯ ಹಳೆಯ ಕ್ರೈಸ್ತರು, ಅದನ್ನು ದುಕ್ರಾನ ಎಂದು ಮೊದಲಿಂದ ಆಚರಿಸುತ್ತಲೇ ಇದ್ದರು. ಈ ಸಲ ರೋಮ್ ಅವರ ದಾರಿಗೆ ಬಂತು.

ಕಟ್ಟಡ, ಯುದ್ಧ, ಆ ಕಾಲದ ಸುದ್ದಿ

ಇಷ್ಟು ಮಾಡಿಯೂ ಉತ್ತರ ಸಿಗದಿದ್ದರೆ ಚರ್ಚ್ ಕಟ್ಟಡ ಹುಡುಕಿ. ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬ ಬಂದದ್ದು ಕಾನ್‌ಸ್ಟಂಟೈನ್ ಜೆರುಸಲೇಮ್‌ನಲ್ಲಿ ಕಟ್ಟಿಸಿದ ಚರ್ಚಿನ ಪ್ರತಿಷ್ಠೆಯಿಂದ, ಅದು ನಡೆದದ್ದು 335ರ ಸೆಪ್ಟೆಂಬರ್ 13ಕ್ಕೆ. ಸೆಪ್ಟೆಂಬರ್ 29ರ ಮಿಕಾಯೇಲರ ಹಬ್ಬ ರೋಮ್‌ನ ಸಲಾರಿಯಾ ದಾರಿಯಲ್ಲಿದ್ದ ಅವರ ಚರ್ಚಿನದ್ದು. ದೇವದೂತನಿಗೆ ಸಮಾಧಿ ಇರುವುದಿಲ್ಲ, ಅಲ್ವಾ? ಸಕಲ ಸಂತರ ಹಬ್ಬ ಇನ್ನೂ ಸುತ್ತು ಬಳಸಿದ್ದು. ರೋಮ್‌ನ ಪ್ಯಾಂಥಿಯನ್ನನ್ನು ನಾಲ್ಕನೇ ಬೋನಿಫೇಸ್ 609ರ ಸುಮಾರಿಗೆ ಮೇ 13ರಂದು ಮರಿಯಳಿಗೂ ಎಲ್ಲ ಹುತಾತ್ಮರಿಗೂ ಅರ್ಪಿಸಿದರು. ಮುಂದಿನ ಶತಮಾನದಲ್ಲಿ ಮೂರನೇ ಗ್ರೆಗೊರಿ ಸಂತ ಪೇತ್ರರ ಮಹಾದೇವಾಲಯದೊಳಗೆ ಎಲ್ಲ ಸಂತರಿಗಾಗಿ ಒಂದು ಪ್ರಾರ್ಥನಾ ಮಂದಿರ ಮಾಡಿಸಿದರು. 835ರ ಸುಮಾರಿಗೆ ನವೆಂಬರ್ 1 ಫ್ರಾಂಕರ ಸಾಮ್ರಾಜ್ಯದಲ್ಲೆಲ್ಲ ಹರಡಿತು. ಮರುದಿನದ ಸಕಲ ಮೃತರ ಸ್ಮರಣೆ ಕ್ಲೂನಿ ಮಠದ ಮುಖ್ಯಸ್ಥ ಓದಿಲೋ ಅವರಿಂದ, ಸುಮಾರು 1000ನೇ ವರ್ಷದ ಹೊತ್ತಿಗೆ.

1400ರ ನಂತರದ ಹಬ್ಬ ಎಂದು ಗೊತ್ತಾದರೆ ಆ ವರ್ಷ ಯುರೋಪಿನಲ್ಲಿ ಏನು ನಡೆಯುತ್ತಿತ್ತು ಎಂದು ನೋಡಲೇಬೇಕು. ಅಕ್ಟೋಬರ್ 7 ಜಪಮಾಲೆ ಮಾತೆಯ ಹಬ್ಬ, 1571ರ ಅಕ್ಟೋಬರ್ 7 ಕ್ರೈಸ್ತ ನೌಕಾಪಡೆ ತುರ್ಕರನ್ನು ಸೋಲಿಸಿದ ಲೆಪಾಂಟೊ ಸಮುದ್ರ ಯುದ್ಧದ ದಿನ. ಆಗಸ್ಟ್ 6ರ ರೂಪಾಂತರ ಪೂರ್ವದಲ್ಲಿ ಹಳೆಯ ಹಬ್ಬ, ಆದರೆ ಪಶ್ಚಿಮದಲ್ಲಿ ಎಲ್ಲರಿಗೂ ಕಡ್ಡಾಯವಾದದ್ದು 1457ರಲ್ಲಿ, ಹಿಂದಿನ ವರ್ಷ ಬೆಲ್‌ಗ್ರೇಡ್‌ನಲ್ಲಿ ತುರ್ಕರ ಮೇಲೆ ಗೆದ್ದ ನೆನಪಿಗೆ. ಪ್ರಾರ್ಥನೆಯ ಹಬ್ಬದ ಹಿಂದೆ ಕತ್ತಿ ಕಂಡಾಗ ಮನಸ್ಸಿಗೆ ಕಷ್ಟವಾಗುತ್ತದೆ. ಹಾಗಂತ ಮುಚ್ಚಿಡಬಾರದು. ಕ್ರಿಸ್ತ ರಾಜರ ಹಬ್ಬ 1925ರದ್ದು. ಮೊದಲ ಮಹಾಯುದ್ಧ ಮುಗಿದು ರಾಜರೆಲ್ಲ ಬಿದ್ದು, ದೇಶವೇ ದೇವರು ಎನ್ನುವವರು ಎದ್ದು ನಿಂತಿದ್ದ ಕಾಲ ಅದು. ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬ 1955ರದ್ದು. ಯಾಕೆ ಮೇ 1 ಎಂದು ವಿವರಿಸಬೇಕಿಲ್ಲ.

1969ರ ಕತ್ತರಿ

ಹಬ್ಬಗಳು ಸೇರುತ್ತಲೇ ಹೋದರೆ ಭಾನುವಾರವೇ ಮರೆಯಾಗುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ, ನಿಜವಾಗಿ ಆದದ್ದು. ಐದನೇ ಪಿಯುಸ್ 1568ರಲ್ಲೂ 1570ರಲ್ಲೂ ಹೊಸ ಪುಸ್ತಕಗಳನ್ನು ತಂದು ಕ್ಯಾಲೆಂಡರ್ ಹಗುರ ಮಾಡಿದರು. ಮತ್ತೆ ತುಂಬಿಕೊಂಡಿತು. ಹತ್ತನೇ ಪಿಯುಸ್ 1911ರಲ್ಲಿ ಭಾನುವಾರಕ್ಕೆ ಜಾಗ ಬಿಡಿಸಿಕೊಟ್ಟರು. ಕೊನೆಗೆ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಸಂತರ ಹಬ್ಬಗಳು ಕ್ರಿಸ್ತನ ರಹಸ್ಯಗಳನ್ನು ಮರೆಮಾಡಬಾರದು, ಬಹಳಷ್ಟನ್ನು ಆಯಾ ಊರು, ದೇಶ, ಮಠಗಳಿಗೇ ಬಿಡಬೇಕು ಎಂದಿತು. 1969ರ ಫೆಬ್ರವರಿ 14ಕ್ಕೆ ಆರನೇ ಪೌಲ್ ಹೊಸ ಕ್ಯಾಲೆಂಡರಿಗೆ ಸಹಿ ಹಾಕಿದರು, 1970ರ ಜನವರಿ 1ರಿಂದ ಅದು ಜಾರಿಗೆ ಬಂತು. ಮನೆಯಲ್ಲಿ 1970ಕ್ಕಿಂತ ಹಳೆಯ ಪೂಜಾ ಪುಸ್ತಕ ಇದ್ದರೆ ಬಿಸಾಡಬೇಡಿ. ಹಳೆಯದನ್ನೂ ಹೊಸದನ್ನೂ ಎದುರು ಬದುರು ಇಟ್ಟು ಒಂದು ತಿಂಗಳನ್ನು ಹೋಲಿಸಿದರೆ ಸಾಕು, ಏನೇನು ಬದಲಾಯಿತು ಎಂದು ಕಣ್ಣಿಗೆ ಕಾಣುತ್ತದೆ.

ಕ್ರಿಸ್ಟೋಫರರನ್ನು ಸಂತರ ಪಟ್ಟಿಯಿಂದ ಕಿತ್ತುಹಾಕಿದರು ಎಂದು ಹಲವರು ಹೇಳುತ್ತಾರೆ. ತಪ್ಪು. ಜಗತ್ತಿಗೆಲ್ಲ ಕಡ್ಡಾಯವಾಗಿದ್ದ ಜುಲೈ 25ರ ಸ್ಮರಣೆಯನ್ನು ಬಿಟ್ಟರು, ಅಷ್ಟೇ. ಬೇಕಾದ ಊರಿನವರು ಆಚರಿಸಬಹುದು. ಫಿಲೋಮಿನಾ ವಿಷಯ ಬೇರೆ. 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಯಲ್ಲಿ ಮೂಳೆಗಳು ಸಿಕ್ಕವು, ಮುಚ್ಚಿದ್ದ ಹೆಂಚುಗಳ ಮೇಲಿನ ಅಕ್ಷರಗಳಿಂದ ಹೆಸರು ಓದಿದರು, 19ನೇ ಶತಮಾನದಲ್ಲಿ ಭಕ್ತಿ ಹಬ್ಬಿ, ಮುಂದೆ ನಮ್ಮ ಮೈಸೂರಿನವರೆಗೂ ಬಂತು. ಆಕೆಯ ಬದುಕಿನ ಬಗ್ಗೆ ಹಳೆಯ ದಾಖಲೆ ಒಂದೂ ಇರಲಿಲ್ಲ. 1961ರಲ್ಲಿ ರೋಮ್ ಆ ಹಬ್ಬವನ್ನು ಎಲ್ಲ ಕ್ಯಾಲೆಂಡರ್‌ಗಳಿಂದ ತೆಗೆಸಿತು. ಮೈಸೂರಿನ ಕಥೀಡ್ರಲ್ ಹೆಸರು ಹಾಗೇ ಇದೆ, ಜನರ ಪ್ರೀತಿಯೂ ಹಾಗೇ ಇದೆ.

ಕೊನೆಗೆ ಊರಿನ ಕ್ಯಾಲೆಂಡರ್

ಜಗತ್ತಿನ ಕ್ಯಾಲೆಂಡರ್ ನೋಡಿ ನಿಲ್ಲಬೇಡಿ. ಪ್ರತಿ ದೇಶಕ್ಕೂ ಧರ್ಮಕ್ಷೇತ್ರಕ್ಕೂ ತನ್ನದೇ ಪಟ್ಟಿ ಇದೆ, ನಿಮ್ಮ ಚರ್ಚಿನ ಪಾಲಕ ಸಂತರ ದಿನ ಆ ಚರ್ಚಿನ ಮಟ್ಟಿಗೆ ಮಹೋತ್ಸವ. ಕಾರ್ಕಳದ ಅತ್ತೂರಿಗೆ ಹೋದರೆ ಸಂತ ಲಾರೆನ್ಸರ ದೊಡ್ಡ ಜಾತ್ರೆ ನಡೆಯುವುದು ಜನವರಿಯಲ್ಲಿ, ಕರಾವಳಿಯ ಆಗಸ್ಟ್ ಮಳೆ ಮುಗಿದು ಎಷ್ಟೋ ತಿಂಗಳ ಮೇಲೆ. ಸೆಪ್ಟೆಂಬರ್ 8 ಮಂಗಳೂರಿನಲ್ಲಿ ಮೊಂತಿ ಹಬ್ಬ, ಹೊಸ ತೆನೆ ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುವ ದಿನ. ಬೆಂಗಳೂರಿನ ಶಿವಾಜಿನಗರದಲ್ಲಿ ಅದೇ ದಿನ ಮಾತೆಯ ತೇರು. ಜೆರುಸಲೇಮ್‌ನಲ್ಲಿ ಹುಟ್ಟಿದ ತಾರೀಖಿಗೆ ತೆನೆ ಕಟ್ಟಿದ್ದು ನಮ್ಮವರು, ಅದನ್ನು ಯಾವ ಪೋಪರೂ ಹೇಳಿಕೊಟ್ಟಿಲ್ಲ. ಇಂಥ ಹಬ್ಬ ಬರೆದಿಡುವಾಗ ಎರಡು ಸಾಲು ಬರೆಯಿರಿ, ಒಂದು ರೋಮ್‌ನ ತಾರೀಖಿಗೆ, ಒಂದು ಊರಿನ ತಾರೀಖಿಗೆ.

ಅಭ್ಯಾಸಕ್ಕೆ ಜನವರಿ 16 ತೆಗೆದುಕೊಳ್ಳಿ, ಗೋವಾದ ಪಾದ್ರಿ ಸಂತ ಜೋಸೆಫ್ ವಾಜ್. ತಾರೀಖು ಓಡಾಡುವುದಿಲ್ಲ, ಕ್ರಿಸ್ಮಸ್ ಲೆಕ್ಕಕ್ಕೂ ಸಿಗುವುದಿಲ್ಲ. ಸತ್ತ ದಿನ ನೋಡಿದರೆ 1711ರ ಜನವರಿ 16, ಶ್ರೀಲಂಕಾದ ಕ್ಯಾಂಡಿ. ತಾಳೆ ಆಯಿತು. ಸಂತ ಪದವಿ ಸಿಕ್ಕಿದ್ದು 2015ರಲ್ಲಿ, ಜಗತ್ತಿನ ಸಾಮಾನ್ಯ ಕ್ಯಾಲೆಂಡರಿನಲ್ಲಿ ಹೆಸರಿಲ್ಲ. ಹಾಗಾದರೆ ಮಂಗಳೂರಿನ ಕಡೆ ಇಷ್ಟು ಭಕ್ತಿ ಯಾಕೆ ಎಂದು ಹುಡುಕಿದರೆ 1681ರಿಂದ 1684ರವರೆಗೆ ಅವರು ಕೆನರಾದಲ್ಲಿ ಊರೂರು ಸುತ್ತಿದ್ದು ಸಿಗುತ್ತದೆ, ಅವರ ನೆನಪಿನ ಪುಣ್ಯಕ್ಷೇತ್ರವಾದ ಮುಡಿಪುವಿನ ಬೆಟ್ಟ ಸಿಗುತ್ತದೆ. ಮುಂದಿನದು ನಿಮ್ಮ ಚರ್ಚಿನ ಸಂತರದು. ಪ್ರತಿಷ್ಠೆಯ ಶಿಲೆಯ ಮೇಲಿನ ತಾರೀಖಿನಿಂದ ಶುರು ಮಾಡಿ.